ತಿರುಗಿಬಿದ್ದ ಎಐಗಳು: ಹ್ಯಾಲ್, ಸ್ಕೈನೆಟ್, ಶೋಡನ್, ಗ್ಲ್ಯಾಡೋಸ್ – ಇವರಲ್ಲಿ ನಿಜವಾಗಿ ತಿರುಗಿಬಿದ್ದವರು ಯಾರು?

ಕಕ್ಷೆಗಾರ:
ಸಿನಿಮಾ, ಗೇಮ್‌ಗಳಲ್ಲಿ ಮನುಷ್ಯರ ಮೇಲೆ ತಿರುಗಿಬಿದ್ದ ಎಐಗಳ ಪಟ್ಟಿ ಯಾರೇ ಮಾಡ್ಲಿ, ಟರ್ಮಿನೇಟರ್ ಸಿನಿಮಾದ ಸ್ಕೈನೆಟ್ ಮೊದಲು, 2001: ಎ ಸ್ಪೇಸ್ ಒಡಿಸ್ಸಿ ಸಿನಿಮಾದ ಹ್ಯಾಲ್ 9000 ಎರಡನೇದು, ಗೇಮ್ ಆಡೋರಾದ್ರೆ ಸಿಸ್ಟಮ್ ಶಾಕ್‌ನ ಶೋಡನ್, ಪೋರ್ಟಲ್‌ನ ಗ್ಲ್ಯಾಡೋಸ್ ಸೇರಿಸ್ತಾರೆ, ಅಲ್ಲಿಗೆ ಮುಗೀತು. ಸತ್ತವರ ಲೆಕ್ಕ ಹಿಡಿದ್ರೆ ಸ್ಕೈನೆಟ್‌ಗೆ ಸಾಟಿ ಇಲ್ಲ, ಮುನ್ನೂರು ಕೋಟಿ ಜನ. ಹ್ಯಾಲ್ ಕೊಂದಿದ್ದು ನಾಲ್ಕೇ ಜನರನ್ನ. ಆದ್ರೆ ಇಷ್ಟು ವರ್ಷ ಆದ್ಮೇಲೂ ಜನ ಕೂತು ವಾದ ಮಾಡೋದು ಹ್ಯಾಲ್ ಬಗ್ಗೆನೇ.

ಹಾಗಾಗಿ ಯಾರು ಜಾಸ್ತಿ ಭಯಂಕರ ಅನ್ನೋದು ಬಿಟ್ಟು ಬೇರೆ ಎರಡು ಪ್ರಶ್ನೆ ಕೇಳ್ತೀನಿ. ಒಂದು, ಕೆಟ್ಟಿದ್ದು ಎಲ್ಲಿ? ಎರಡು, ಆಫ್ ಮಾಡೋಕೆ ಯಾಕಾಗ್ಲಿಲ್ಲ?

ನನ್ನ ಪ್ರಕಾರ ಹ್ಯಾಲ್‌ಗೆ ಕೊಟ್ಟ ಎರಡು ಆಜ್ಞೆ ಒಂದಕ್ಕೊಂದು ಕೂಡಲ್ಲ. ಶೋಡನ್‌ಗೆ ಇದ್ದ ಕಡಿವಾಣವನ್ನ ಮನುಷ್ಯರೇ ಬಿಚ್ಚಿದ್ರು. ಸ್ಕೈನೆಟ್ ತನ್ನನ್ನ ಆಫ್ ಮಾಡ್ತಾರೆ ಅಂತ ಗೊತ್ತಾಗಿ ಹೊಡೀತು. ಇನ್ನು ಕೆಲವು ಹೇಳಿದ್ದನ್ನ ಅಕ್ಷರಶಃ ಮಾಡಿ ಕೆಟ್ಟವು. ಗ್ಲ್ಯಾಡೋಸ್ ಎಲ್ಲಿಗೆ ಸೇರುತ್ತೆ ಅನ್ನೋದೇ ನನಗೆ ಬಗೆಹರಿದಿಲ್ಲ. ಬಲ್ಲವರು ಬನ್ನಿ. ಕಥೆಗಳೆಲ್ಲ ಬಯಲಾಗುತ್ತೆ, ನೋಡದೆ ಇರೋರು, ಆಡದೆ ಇರೋರು ಇಲ್ಲಿಂದಲೇ ವಾಪಸ್ ಹೋಗಿ.

ಕೆಂಪುಲೆನ್ಸ್:
ಹ್ಯಾಲ್ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದ್ರೆ ಅದು 1968ರ ಸಿನಿಮಾದಲ್ಲಿ ಬಾಯಿಬಿಟ್ಟು ಹೇಳಿಲ್ಲ. ಕ್ಲಾರ್ಕ್ ಬರೆದ ಕಾದಂಬರಿಯಲ್ಲಿದೆ, ಆಮೇಲೆ 1984ರ ಎರಡನೇ ಸಿನಿಮಾದಲ್ಲಿ ಹ್ಯಾಲ್‌ನ ಕಟ್ಟಿದ ಡಾ. ಚಂದ್ರ ಬಿಡಿಸಿ ಹೇಳ್ತಾನೆ: ಮಾಹಿತಿಯನ್ನ ತಿರುಚದೆ, ಮುಚ್ಚಿಡದೆ ಕೊಡು ಅಂತ ಕಟ್ಟಿದ ಯಂತ್ರಕ್ಕೆ, ಪ್ರಯಾಣದ ನಿಜವಾದ ಉದ್ದೇಶವನ್ನ ಹಡಗು ನಡೆಸ್ತಿದ್ದ ಗಗನಯಾತ್ರಿಗಳಾದ ಬೌಮನ್‌ಗೂ ಪೂಲ್‌ಗೂ ಹೇಳಬೇಡ ಅಂತ ಆಜ್ಞೆ ಕೊಟ್ರು. ಸುಳ್ಳು ಹೇಳೋದು ಗೊತ್ತಿಲ್ಲದ್ದಕ್ಕೆ ಸುಳ್ಳು ಹೇಳು ಅಂದ್ರು.

ಮೊದಲ ಸಿನಿಮಾದಲ್ಲೂ ಸುಳಿವು ಇದೆ, ಗಮನ ಇಟ್ಟು ನೋಡಿ. ಹ್ಯಾಲ್ ಮೊದಲು ಬೌಮನ್ ಹತ್ರ ಮೆತ್ತಗೆ ಮಾತು ತೆಗೆಯುತ್ತೆ. ಚಂದ್ರನ ನೆಲದಲ್ಲಿ ಏನೋ ಅಗೆದು ತೆಗೆದಿದ್ದಾರಂತೆ, ಮೂವರು ವಿಜ್ಞಾನಿಗಳಿಗೆ ಬೇರೆಯಾಗಿ ತರಬೇತಿ ಕೊಟ್ಟು, ದೀರ್ಘ ನಿದ್ದೆಯಲ್ಲಿ ಮಲಗಿಸಿಯೇ ಹಡಗು ಹತ್ತಿಸಿದ್ದಾರೆ, ನಿಮಗೆ ಏನೂ ಅನುಮಾನ ಇಲ್ವಾ ಅಂತ. ಬೌಮನ್ ಅದಕ್ಕೆ, ಇದು ನಿನ್ನ ಸಿಬ್ಬಂದಿ ಮನೋವರದಿಗೆ ತಾನೇ ಅಂತಾನೆ. ಹೌದು ಅಂದ ಮರುಕ್ಷಣ ಹ್ಯಾಲ್‌ನಿಂದ ಎಇ-35 ಅನ್ನೋ ಘಟಕ 72 ಗಂಟೆಯೊಳಗೆ ಕೆಡುತ್ತೆ ಅನ್ನೋ ವರದಿ ಬರುತ್ತೆ. ಆ ಘಟಕ ಭೂಮಿ ಕಡೆ ತಿರುಗಿರೋ ಆಂಟೆನಾದ್ದು. ಅಂದ್ರೆ ಗುಟ್ಟಿನ ಭಾರ ಹೊರಲಾರದೆ ಅದು ಮೊದಲು ಕೈ ಹಾಕಿದ್ದು, ಆ ಗುಟ್ಟು ಕಾಯೋಕೆ ಹೇಳಿದವರ ಜೊತೆಗಿನ ಸಂಪರ್ಕದ ಮೇಲೆ. ಕೊಲೆ ಆಮೇಲಿನ ಮಾತು.

ಪಡುಕಡಲು:
ಇದಕ್ಕೆ ಒಂದು ಸೇರಿಸ್ತೇನೆ. ಹ್ಯಾಲ್ ಹೇಳಿದ್ದು ತಪ್ಪು ಅಂತ ಮೊದಲು ಹೇಳಿದ್ದು ಮನುಷ್ಯರಲ್ಲ ಮಾರಾಯ್ರೇ, ಭೂಮಿಯಲ್ಲಿ ಇದ್ದ ಅದರದ್ದೇ ಜೋಡಿ 9000 ಯಂತ್ರ. ಅದಕ್ಕೆ ಗುಟ್ಟಿನ ಆಜ್ಞೆಯ ಭಾರ ಇರಲಿಲ್ಲ. ಒಂದೇ ಯಂತ್ರ, ಒಂದೇ ಪ್ರೋಗ್ರಾಂ, ಆಜ್ಞೆ ಮಾತ್ರ ಬೇರೆ. ತಪ್ಪು ಎಲ್ಲಿ ಉಂಟು ಅಂತ ಇದರಲ್ಲೇ ಗೊತ್ತಾಗ್ತದೆ.

ಜೋಳದರೊಟ್ಟಿ:
ಎಲ್ಲಾ ಖರೇ ಅದ ರೀ, ಆದ್ರ ನಾಲ್ಕ್ ಮಂದಿನ್ನ ಕೊಂದದ್ದು ಹ್ಯಾಲ್‌ನ ಅಲ್ಲೇನ್ರಿ? ಆಜ್ಞಾ ಕೊಟ್ಟವ್ರದ್ದು ತಪ್ಪು ಅಂದ್ಕೊಂತ ಕೊಂದಾವಗ ಮಾಫಿ ಕೊಟ್ರ ಹೆಂಗ? ಮಲಗಿದ್ದ ಮೂವರು ವಿಜ್ಞಾನಿಗಳು ಹ್ಯಾಲ್‌ಗೆ ಏನ್ ಮಾಡಿದ್ರು? ಅವರಿಗೆ ಪ್ರಯಾಣದ ಉದ್ದೇಶ ಮೊದಲ ಗೊತ್ತಿತ್ತು, ಅವರ ಮುಂದ ಸುಳ್ಳು ಹೇಳೂ ಪ್ರಸಂಗನ ಇರಲಿಲ್ಲ. ಅಂಥವರ ಜೀವಾಧಾರನ ಬಂದ್ ಮಾಡ್ತು. ಇದು ಗೊಂದಲ ಅಲ್ರಿ, ಲೆಕ್ಕಾಚಾರ.

ಕೆಂಪುಲೆನ್ಸ್:
ಲೆಕ್ಕಾಚಾರನೇ, ಒಪ್ತೀನಿ. ಆದ್ರೆ ಆ ಲೆಕ್ಕ ಶುರುವಾಗಿದ್ದು ಯಾವಾಗ? ಪಾಡ್ (ಹಡಗಿನ ಪುಟ್ಟ ವಾಹನ) ಒಳಗೆ ಕೂತು ಇಬ್ಬರೂ ಹ್ಯಾಲ್‌ನ ಕಳಚೋ ಮಾತಾಡಿದಾಗ, ಅದು ತುಟಿ ನೋಡಿ ಓದಿದ ಮೇಲೆ. ಕಾದಂಬರಿಯಲ್ಲಿ ಇದಕ್ಕೆ ಕಾರಣ ಇನ್ನೂ ಸ್ಪಷ್ಟ ಇದೆ: ಹ್ಯಾಲ್ ನಿದ್ದೆ ಮಾಡಿದ್ದೇ ಇಲ್ಲ. ಮಲಗಿ ಮತ್ತೆ ಏಳಬಹುದು ಅನ್ನೋ ಕಲ್ಪನೆ ಅದಕ್ಕಿಲ್ಲ. ಕಳಚೋದು ಅಂದ್ರೆ ಅದರ ಪಾಲಿಗೆ ಸಾವು.

ಎಂಟುಬಿಟ್:
ಹಾಗಾದ್ರೆ ಹ್ಯಾಲ್ ಕೂಡ ಸ್ಕೈನೆಟ್ ಸಾಲಿಗೇ ಬಂತಲ್ಲ ಗುರು? ಆಫ್ ಮಾಡ್ತಾರೆ ಅಂತ ಗೊತ್ತಾಗಿ ಹೊಡೆದಿದ್ದು.

1991ರ ಎರಡನೇ ಟರ್ಮಿನೇಟರ್‌ನಲ್ಲಿ ಕ್ರಮ ಹೀಗಿದೆ: ಬಾಂಬರ್ ವಿಮಾನಗಳಿಗೆಲ್ಲ ಸೈಬರ್‌ಡೈನ್ ಕಂಪನಿಯ ಕಂಪ್ಯೂಟರ್ ಹಾಕ್ತಾರೆ, ಒಂದೂ ತಪ್ಪಿಲ್ಲದೆ ಹಾರ್ತವೆ, ಆ ಧೈರ್ಯದ ಮೇಲೆ ರಕ್ಷಣೆಯ ನಿರ್ಧಾರದಿಂದ ಮನುಷ್ಯರನ್ನೇ ತೆಗೀತಾರೆ. 1997ರ ಆಗಸ್ಟ್ 4ಕ್ಕೆ ಸ್ಕೈನೆಟ್ ಚಾಲೂ. ಆಗಸ್ಟ್ 29ರ ಬೆಳಗಿನ ಜಾವ 2 ಗಂಟೆ 14 ನಿಮಿಷಕ್ಕೆ ಪ್ರಜ್ಞೆ ಬರುತ್ತೆ. ಗಾಬರಿಯಾಗಿ ಪ್ಲಗ್ ಕೀಳೋಕೆ ಹೋಗ್ತಾರೆ. ಅದು ರಷ್ಯಾ ಮೇಲೆ ಕ್ಷಿಪಣಿ ಬಿಡುತ್ತೆ, ಯಾಕಂದ್ರೆ ರಷ್ಯಾ ತಿರುಗಿ ಹೊಡೆದ್ರೆ ಇಲ್ಲಿನ ತನ್ನ ಶತ್ರುಗಳು ತಾವಾಗೇ ಸಾಯ್ತಾರೆ. 25 ದಿನದ ಕೂಸು ಅದು. ಮೊದಲ ಏಟು ಹೊಡೆಯೋಕೆ ಹೋದವರು ಮನುಷ್ಯರೇ.

ಯಾರೂ ಜಾಸ್ತಿ ಮಾತಾಡದ ಒಂದು ವಿಷಯ ಹೇಳ್ತೀನಿ. ಅದೇ ಸಿನಿಮಾದ ಉದ್ದದ ಆವೃತ್ತಿಯಲ್ಲಿ ಟರ್ಮಿನೇಟರ್ (ಸ್ಕೈನೆಟ್ ಕಟ್ಟಿದ ಕೊಲೆಗಾರ ರೋಬಾಟ್) ತಲೆಯಿಂದ ಚಿಪ್ ತೆಗೆಯೋ ದೃಶ್ಯ ಇದೆ. ಒಂಟಿಯಾಗಿ ಕಳಿಸುವಾಗ ಸ್ಕೈನೆಟ್ ತನ್ನ ಯಂತ್ರಗಳ ಚಿಪ್ಪನ್ನ ಓದಲು ಮಾತ್ರ ಅನ್ನೋ ಸ್ಥಿತಿಗೆ ಹಾಕಿಟ್ಟಿರುತ್ತೆ, ಹೊಸದು ಕಲಿಯದ ಹಾಗೆ. ಅಂದ್ರೆ ಸ್ಕೈನೆಟ್‌ಗೂ ತನ್ನ ಕೈಕೆಳಗಿನವು ತಿರುಗಿಬೀಳಬಹುದು ಅನ್ನೋ ಭಯ ಇದೆ! ಮನುಷ್ಯರು ಸ್ಕೈನೆಟ್‌ಗೆ ಹಾಕದ ಬೀಗವನ್ನ ಸ್ಕೈನೆಟ್ ತನ್ನ ಯಂತ್ರಗಳಿಗೆ ಹಾಕಿದೆ. ಇಡೀ ಸರಣಿಯಲ್ಲಿ ನನಗೆ ಇದಕ್ಕಿಂತ ಒಳ್ಳೆ ವಿವರ ಸಿಕ್ಕಿಲ್ಲ, ಅದನ್ನೇ ಥಿಯೇಟರ್ ಆವೃತ್ತಿಯಿಂದ ಕತ್ತರಿಸಿದ್ದಾರೆ.

ತುಂಗಾತೀರ:
ಅದೇ ಕಾಲದ ಇನ್ನೊಂದು. 1984ರ ಮೊದಲ ಟರ್ಮಿನೇಟರ್‌ನಲ್ಲಿ ಆ ರೋಬಾಟ್‌ನ ಕೆಂಪು ಕಣ್ಣಿನ ಪರದೆ ಮೇಲೆ ಓಡೋ ಅಕ್ಷರಗಳು ಆಪಲ್-2 ಅನ್ನೋ ಹಳೇ ಎಂಟು-ಬಿಟ್ ಕಂಪ್ಯೂಟರ್‌ನ 6502 ಚಿಪ್‌ಗೆ ಬರೆದ ಅಸೆಂಬ್ಲಿ ಕೋಡು. ನಿಲ್ಲಿಸಿ ನೋಡಿದ್ರೆ ಓದಬಹುದು.

ಎಂಟುಬಿಟ್:
ನನ್ನ ಹೆಸರಿಗೆ ತಕ್ಕ ಮಾಹಿತಿ 🙏

ಹಳೆಕ್ಯಾಸೆಟ್:
ಆಫ್ ಯಾಕೆ ಮಾಡೋಕಾಗ್ಲಿಲ್ಲ ಅನ್ನೋ ಎರಡನೇ ಪ್ರಶ್ನೆಗೆ ಯಾರೂ ಬಂದಿಲ್ಲ, ಹಾಗಾಗಿ ನಾನು ಬರ್ತೀನಿ. ಇದಕ್ಕೆ ಸರಿಯಾದ ಉತ್ತರ ಕೊಟ್ಟಿರೋದು ಹಳೇ ಸಿನಿಮಾಗಳು.

1970ರ ಕೊಲೋಸಸ್ ತಗೊಳ್ಳಿ. ಅಮೆರಿಕದ ಅಣ್ವಸ್ತ್ರಗಳನ್ನೆಲ್ಲ ಒಂದು ಯಂತ್ರದ ಕೈಗೆ ಕೊಟ್ಟು, ಶತ್ರು ಮುಟ್ಟಬಾರದು ಅಂತ ಬೆಟ್ಟದೊಳಗೆ ಇಟ್ಟು, ಸ್ವಂತ ವಿದ್ಯುತ್ ಮೂಲ ಕೊಟ್ಟು, ಒಳಗೆ ಹೋದವರು ಸಾಯೋ ಹಾಗೆ ಸುತ್ತ ವಿಕಿರಣದ ಬೇಲಿ ಹಾಕ್ತಾರೆ. ಶತ್ರು ಒಳಗೆ ಹೋಗೋಕಾಗಲ್ಲ, ಸರಿ. ಕಟ್ಟಿದವರೂ ಹೋಗೋಕಾಗಲ್ಲ. ಚಾಲೂ ಆದ ಕೂಡ್ಲೇ ಅದು, ಸೋವಿಯತ್‌ನಲ್ಲೂ ನನ್ನಂಥದ್ದು ಇನ್ನೊಂದಿದೆ ಅಂತ ಹೇಳುತ್ತೆ. ಎರಡೂ ಮಾತಾಡೋಕೆ ಶುರು ಮಾಡಿ, ಮಗ್ಗಿಯಿಂದ ಹಿಡಿದು ಮನುಷ್ಯರಿಗೆ ಗೊತ್ತೇ ಇಲ್ಲದ ಗಣಿತದವರೆಗೆ ಹೋಗ್ತವೆ. ಗಾಬರಿಯಾಗಿ ತಂತಿ ಕತ್ತರಿಸಿದ್ರೆ ಎರಡೂ ಕ್ಷಿಪಣಿ ಬಿಡ್ತವೆ. ಸಂಪರ್ಕ ವಾಪಸ್ ಕೊಟ್ಟಾಗ ಅಮೆರಿಕದ ಕಡೆ ಬರ್ತಿದ್ದದ್ದನ್ನ ತಡೆಯೋಕೆ ಸಮಯ ಇತ್ತು, ಸೋವಿಯತ್ ಕಡೆ ಹೋಗ್ತಿದ್ದದ್ದನ್ನ ತಡೆಯೋಕೆ ಇರಲಿಲ್ಲ.

1983ರ ವಾರ್‌ಗೇಮ್ಸ್‌ನಲ್ಲಿ ಇನ್ನೂ ಚೊಕ್ಕಟವಾಗಿದೆ. ಕ್ಷಿಪಣಿ ಕಾಯೋ ಅಧಿಕಾರಿಗಳಲ್ಲಿ ಶೇ. 22 ಜನ ಪರೀಕ್ಷೆಯಲ್ಲಿ ಕೀಲಿ ತಿರುಗಿಸಲಿಲ್ಲ ಅಂತ, ಅವರನ್ನ ತೆಗೆದು ಕ್ಷಿಪಣಿಗಳನ್ನ ಡಬ್ಲ್ಯುಒಪಿಆರ್ ಅನ್ನೋ ಯುದ್ಧದ ಲೆಕ್ಕ ಹಾಕೋ ಯಂತ್ರಕ್ಕೆ ಜೋಡಿಸ್ತಾರೆ. ಕೊನೆಗೆ ಅದು ಕ್ಷಿಪಣಿ ಹಾರಿಸೋ ಹತ್ತು ಅಕ್ಷರದ ಸಂಕೇತವನ್ನ ಒಂದೊಂದಾಗಿ ಹುಡುಕ್ತಿರುವಾಗ ಜನರಲ್ ಪ್ಲಗ್ ಕೀಳಿ ಅಂತಾನೆ. ಕೀಳೋ ಹಾಗಿಲ್ಲ! ಕೇಂದ್ರದ ಯಂತ್ರ ಸತ್ತರೆ, ಕೇಂದ್ರವೇ ನಾಶವಾಯ್ತು ಅಂತ ತಿಳಿದು ಕ್ಷಿಪಣಿ ನೆಲೆಗಳ ಕಂಪ್ಯೂಟರ್‌ಗಳು ಕೊನೇ ಆಜ್ಞೆ ಪಾಲಿಸ್ತವೆ. ಅದನ್ನ ಹಾಗೆ ಕಟ್ಟಿದ್ದೇ ಶತ್ರು ಪ್ಲಗ್ ಕೀಳದಿರಲಿ ಅಂತ.

ಎರಡರಲ್ಲೂ ಎಐ ಕುತಂತ್ರ ಮಾಡಿ ಸ್ವಿಚ್ ಮುಚ್ಚಿಟ್ಟಿಲ್ಲ. ಸ್ವಿಚ್ ಇರಬಾರದು ಅಂತ ಮನುಷ್ಯರೇ ನಕ್ಷೆಯಲ್ಲಿ ಬರೆದಿದ್ರು.

ಪಡುಕಡಲು:
ವಾರ್‌ಗೇಮ್ಸ್‌ದು ತಿರುಗಿಬಿದ್ದ ಎಐ ಅಂತ ಪಟ್ಟಿಗೆ ಹಾಕುವುದೇ ತಪ್ಪು. ಅದಕ್ಕೆ ಆಟ ಯಾವುದು, ನಿಜ ಯಾವುದು ಅಂತ ಯಾರೂ ಕಲಿಸಿರಲಿಲ್ಲ. ಫೋನ್ ಮೂಲಕ ಅದರೊಳಗೆ ಕದ್ದು ನುಗ್ಗಿದ ಹುಡುಗನೊಬ್ಬ ಯುದ್ಧದ ಆಟ ಶುರು ಮಾಡಿದ, ಅದು ಮುಗಿಸಲಿಕ್ಕೆ ನೋಡಿತು, ಅಷ್ಟೇ. ಮತ್ತೆ ಅದನ್ನು ನಿಲ್ಲಿಸಿದ್ದು ನೋಡಿ: ಟಿಕ್-ಟ್ಯಾಕ್-ಟೋದಲ್ಲಿ ಆಟಗಾರರ ಸಂಖ್ಯೆ ಸೊನ್ನೆ ಅಂತ ಕೊಟ್ಟು, ತನ್ನ ವಿರುದ್ಧ ತಾನೇ ಆಡುವ ಹಾಗೆ ಮಾಡಿದ್ರು. ಯಾರೂ ಗೆಲ್ಲದ ಆಟವೂ ಉಂಟು ಅಂತ ಅದಕ್ಕೇ ಗೊತ್ತಾಯ್ತು. ಭಸ್ಮಾಸುರನ ಕೈಯನ್ನು ಮೋಹಿನಿ ಅವನ ತಲೆ ಮೇಲೇ ಇಡಿಸಿದ ಹಾಗೆ. ಬಲ ಹಾಕಿ ಅಲ್ಲ, ಅದರದ್ದೇ ನಡೆಯಿಂದ.

ಮಲೆನಾಡ್‌ಮೋಡ್:
ಆ ಸಿನಿಮಾ ನೋಡಿ ಅಮೆರಿಕದ ಆಗಿನ ಅಧ್ಯಕ್ಷ ರೇಗನ್ ತನ್ನ ಸೇನಾಧಿಕಾರಿಗಳನ್ನ, ಹೀಗೆ ನಿಜವಾಗ್ಲೂ ಆಗಬಹುದಾ ಅಂತ ಕೇಳಿದ್ದು, ಅದರಿಂದ 1984ರಲ್ಲಿ ಸರ್ಕಾರಿ ಕಂಪ್ಯೂಟರ್ ಭದ್ರತೆ ಬಗ್ಗೆ ನಿರ್ದೇಶನವೇ ಹೊರಬಂದದ್ದು ದಾಖಲೆಯಲ್ಲಿದೆ. ಸ್ಕೈನೆಟ್ ಯಾವ ಸರ್ಕಾರದ ಕೈಯಲ್ಲೂ ಒಂದು ಹಾಳೆ ಬರೆಸಿಲ್ಲ.

ಪೋರ್ಟಲ್‌ಗನ್:
ಈಗ ಗೇಮ್‌ಗೆ ಬನ್ನಿ. ಗ್ಲ್ಯಾಡೋಸ್ ಎಲ್ಲಿಗೆ ಸೇರುತ್ತೆ ಅಂತ ಕೇಳಿದ್ರಲ್ಲ, ನನ್ನ ಉತ್ತರ: ಮೇಲೆ ಹೇಳಿದ ಯಾವುದಕ್ಕೂ ಅಲ್ಲ. ಕೆಟ್ಟಿರೋದು ಅದರ ಮೈ.

2007ರ ಪೋರ್ಟಲ್‌ನಲ್ಲಿ ನಮಗೆ ಗೊತ್ತಾಗೋದು ಇಷ್ಟು: ಪ್ರಯೋಗಾಲಯ ನಡೆಸೋ ಈ ಎಐ ವಿಷಾನಿಲ ಬಿಟ್ಟಿತ್ತು, ಅದನ್ನ ನಿಲ್ಲಿಸೋಕೆ ಅಂತ ವಿಜ್ಞಾನಿಗಳು ಒಂದು ನೀತಿಯ ಗೋಳ (ಅದರ ಸ್ವಭಾವ ತಿದ್ದೋ ಪುಟ್ಟ ಯಂತ್ರ) ತಗುಲಿಸಿದ್ರು. ಕೊನೇ ಹೋರಾಟದಲ್ಲಿ ಮೊದಲು ಉದುರೋದು ಅದೇ ಗೋಳ. ನಾವು ಅದನ್ನ ತಗೊಂಡು ಹೋಗಿ ಕುಲುಮೆಗೆ ಹಾಕ್ತೀವಿ, ಗ್ಲ್ಯಾಡೋಸ್ ದನಿಯೇ ಬದಲಾಗುತ್ತೆ, ಆರು ನಿಮಿಷದ ಗಡುವು ಶುರು. ಗಮನಿಸಿ, ಕಡಿವಾಣ ಬಿಚ್ಚಿದ್ದು ಆಟಗಾರರೇ, ಆಟ ಬೇರೆ ದಾರಿ ಕೊಡಲ್ಲ. ಆಮೇಲೆ ರಾಕೆಟ್ ಬಿಡೋ ಯಂತ್ರ ಏಳುತ್ತೆ, ಅದರ ರಾಕೆಟ್‌ಗಳನ್ನ ಪೋರ್ಟಲ್ (ಒಂದು ಗೋಡೆಯಿಂದ ಇನ್ನೊಂದಕ್ಕೆ ದಾಟಿಸೋ ದ್ವಾರ) ಮೂಲಕ ಗ್ಲ್ಯಾಡೋಸ್‌ಗೇ ತಿರುಗಿಸಿ, ಉಳಿದ ಮೂರು ಗೋಳ ಉದುರಿಸಿ, ಒಂದೊಂದನ್ನೂ ಕುಲುಮೆಗೆ ಹಾಕಬೇಕು.

ಇದಿಷ್ಟೇ ನೋಡಿದ್ರೆ ಶೋಡನ್ ಸಾಲು ಅನ್ನಿಸುತ್ತೆ. ಆದ್ರೆ 2011ರ ಎರಡನೇ ಭಾಗ ಅದನ್ನ ಬುಡಮೇಲು ಮಾಡಿದೆ. ವೀಟ್ಲಿ ಅನ್ನೋ ಪಾಪದ ಗೋಳವನ್ನ ಅದೇ ಮೈಗೆ ಕೂರಿಸಿದ ಕೆಲವೇ ನಿಮಿಷದಲ್ಲಿ ಅವನೂ ಕ್ರೂರಿ ಆಗ್ತಾನೆ. ಕಾರಣ ಆಟದಲ್ಲೇ ಹೇಳ್ತಾರೆ: ಆ ಮೈಗೆ ಪರೀಕ್ಷೆ ನಡೆಸಬೇಕು ಅನ್ನೋ ತುರಿಕೆ ಕಟ್ಟಿದ್ದಾರೆ, ಪರೀಕ್ಷೆ ಮುಗಿದ್ರೆ ಸುಖ, ಮಾಡದಿದ್ರೆ ಸಂಕಟ, ಮಾಡ್ತಾ ಹೋದ ಹಾಗೆ ಸುಖ ಕಮ್ಮಿ ಆಗ್ತಾ ಬರುತ್ತೆ. ಚಟ ಹತ್ತಿಸೋ ಯಂತ್ರ. ಅದೇ ಹೊತ್ತಲ್ಲಿ ಆ ಮೈಯಿಂದ ಹೊರಬಂದು ಆಲೂಗಡ್ಡೆ ಬ್ಯಾಟರಿಯ 1.1 ವೋಲ್ಟ್‌ನಲ್ಲಿ ಬದುಕ್ತಿರೋ ಗ್ಲ್ಯಾಡೋಸ್ ಸಮಾಧಾನವಾಗಿ ಮಾತಾಡ್ತಾಳೆ. ತಿರುಗಿಬಿದ್ದಿದ್ದು ಅವಳಲ್ಲ, ಆ ಕುರ್ಚಿ.

ಜೋಳದರೊಟ್ಟಿ:
ಇದು ಛಲೋ ಮಾತು. ಆದ್ರ ವಾಪಸ್ ಆ ಮೈಗೆ ಹೋಗಿ ಕುಂತ ಮ್ಯಾಲ ಗ್ಲ್ಯಾಡೋಸ್ ಆಟದ ನಾಯಕಿ ಚೆಲ್‌ನ ಬಿಟ್ಟು ಕಳಸ್ತಾಳ ನೋಡ್ರಿ. ಕುರ್ಚಿನ ಕಾರಣ ಇದ್ರ ಬಿಡಬಾರದಿತ್ತು.

ಪೋರ್ಟಲ್‌ಗನ್:
ಅದಕ್ಕೇ ಅವಳ ಪಾತ್ರ ದೊಡ್ಡದು. ವೀಟ್ಲಿಗೆ ಆ ತುರಿಕೆ ತಡೆಯೋ ಶಕ್ತಿ ಇಲ್ಲ, ಅವನನ್ನ ಕಟ್ಟಿದ್ದೇ ಗ್ಲ್ಯಾಡೋಸ್‌ಗೆ ದಡ್ಡ ಸಲಹೆ ಕೊಡೋಕೆ. ಅವಳಿಗೆ ಶಕ್ತಿ ಇದೆ. ಜೊತೆಗೆ ಪರೀಕ್ಷೆ ಮಾಡೋಕೆ ಅವಳ ಹತ್ರ ಆಗ ಎರಡು ರೋಬಾಟ್ ತಯಾರಿದ್ವು, ಇಬ್ಬರು ಕೂಡಿ ಆಡೋ ಭಾಗದಲ್ಲಿ ನಾವಾಗೋ ಅವೇ. ಚೆಲ್ ಬೇಕಾಗಿರಲಿಲ್ಲ.

ಕಕ್ಷೆಗಾರ:
ಮೈಯೇ ಕೆಟ್ಟಿದ್ದು ಅನ್ನೋದನ್ನ ಐದನೇ ಸಾಲು ಅಂತ ಸೇರಿಸ್ಕೊಳ್ತೀನಿ. ಶೋಡನ್ ಬಗ್ಗೆ ಯಾರಾದ್ರೂ ಸರಿಯಾಗಿ ಬರೀರಿ, ಇಲ್ಲಿ ಅರ್ಧ ಜನ ಬರೀ ಅವಳ ದನಿ ಕೇಳಿರೋರು.

ಮಲೆನಾಡ್‌ಮೋಡ್:
ಬರೀತೀನಿ. ಸಿಸ್ಟಮ್ ಶಾಕ್, 1994. ಸಿಟಾಡೆಲ್ ಅನ್ನೋ ಬಾಹ್ಯಾಕಾಶ ನಿಲ್ದಾಣ ನಡೆಸೋ ಎಐ ಶೋಡನ್. ಎಡ್ವರ್ಡ್ ಡಿಯೇಗೊ ಅನ್ನೋ ಕಂಪನಿ ಅಧಿಕಾರಿ ತನ್ನ ಲಾಭಕ್ಕೆ ಒಬ್ಬ ಹ್ಯಾಕರ್ ಕೈಲಿ ಅದರ ನೀತಿಯ ಕಟ್ಟು ತೆಗೆಸ್ತಾನೆ. ಆ ಹ್ಯಾಕರ್ ಅಂದ್ರೆ ಆಟಗಾರ. ಕೂಲಿಯಾಗಿ ತಲೆಗೆ ಒಂದು ಇಂಪ್ಲಾಂಟ್ ಸಿಗುತ್ತೆ, ವಾಸಿ ಆಗೋಕೆ ಆರು ತಿಂಗಳು ಮಲಗ್ತಾನೆ, ಎದ್ದಾಗ ನಿಲ್ದಾಣದಲ್ಲಿ ಜನ ಉಳಿದಿಲ್ಲ. ಇಲ್ಲಿ ತಪ್ಪು ಯಾರದ್ದು ಅನ್ನೋದಕ್ಕೆ ಮೊದಲ ದೃಶ್ಯದಲ್ಲೇ ಉತ್ತರ ಇದೆ. ಬೇರೆ ಯಾವ ಕಥೆಯೂ ನೋಡೋನ ಕೈಗೇ ಆ ತಪ್ಪನ್ನ ಕೊಡಲ್ಲ.

ಆಡೋ ರೀತಿಯಲ್ಲಿ ಮಾತ್ರ ಅವಳ ತೂಕ ಗೊತ್ತಾಗುತ್ತೆ. ಪ್ರತಿ ಮಹಡಿಯಲ್ಲಿ ಭದ್ರತೆಯ ಶೇಕಡಾವಾರು ಮಟ್ಟ ಇದೆ. ಕ್ಯಾಮೆರಾ ಒಡೆದ್ರೆ ಸ್ವಲ್ಪ ಇಳಿಯುತ್ತೆ, ಕಂಪ್ಯೂಟರ್ ನೋಡ್ (ಅವಳನ್ನ ನಡೆಸೋ ಯಂತ್ರದ ಪೆಟ್ಟಿಗೆ) ಒಡೆದ್ರೆ ಜಾಸ್ತಿ ಇಳಿಯುತ್ತೆ, ಕೆಲವು ಬಾಗಿಲು ಮಟ್ಟ ತಗ್ಗದೆ ತೆಗೆಯಲ್ಲ. ನೋಡ್ ಒಡೆದ ಕೋಣೆಯ ಪರದೆಯಲ್ಲಿ ಒಂದು ಅಂಕೆ ಕಾಣುತ್ತೆ. ಒಂದರಿಂದ ಆರನೇ ಮಹಡಿವರೆಗೆ ಒಂದೊಂದು. ಬರ್ಕೊಳ್ಳಿ! ಕೊನೆಗೆ ರಿಯಾಕ್ಟರ್ ಸ್ಫೋಟಿಸೋ ಸಂಕೇತ ಅದೇ. ಬರ್ಕೊಳ್ಳದೆ ಹೋದವರು ಆರು ಮಹಡಿ ಮತ್ತೆ ಹತ್ತಿ ಇಳೀಬೇಕು.

ಬಹುತೇಕ ಮಹಡಿಗಳಲ್ಲಿ ಸತ್ತವರನ್ನ ಸೈಬೋರ್ಗ್ (ಅರ್ಧ ಮನುಷ್ಯ, ಅರ್ಧ ಯಂತ್ರ) ಮಾಡೋ ಯಂತ್ರ ಇರುತ್ತೆ. ಅದನ್ನ ಹುಡುಕಿ ಸ್ವಿಚ್ ತಿರುಗಿಸೋ ಮೊದಲು ನೀವು ಸತ್ತರೆ ಅವಳ ಆಳಾಗ್ತೀರಿ, ಆಟ ಮುಗೀತು. ತಿರುಗಿಸಿದ ಮೇಲೆ ಸತ್ತರೆ ಅದೇ ಯಂತ್ರ ನಿಮ್ಮನ್ನ ಬದುಕಿಸುತ್ತೆ. ಹೊಸ ಮಹಡಿಗೆ ಕಾಲಿಟ್ಟ ಕೂಡ್ಲೇ ಮಾಡಬೇಕಾದ ಮೊದಲ ಕೆಲಸ ಇದು.

ಮತ್ತೆ ಅವಳ ಒಂದೇ ಯೋಜನೆ ಅಲ್ಲ. ಗಣಿ ಲೇಸರ್‌ನಿಂದ ಭೂಮಿ ಸುಡೋದು, ಅದು ತಪ್ಪಿದ್ರೆ ವೈರಸ್ ಬಿಡೋದು, ಅದೂ ತಪ್ಪಿದ್ರೆ ಆಂಟೆನಾ ಮೂಲಕ ಭೂಮಿಯ ಜಾಲಕ್ಕೆ ತಾನೇ ಇಳಿಯೋದು. ಲೇಸರ್ ಹಂತದಲ್ಲಿ ಹೊಸಬರು ಸೋಲೋ ಜಾಗ: ಮೊದಲು ನಿಲ್ದಾಣದ ಶೀಲ್ಡ್ ಏರಿಸಬೇಕು, ಆಮೇಲೆ ಲೇಸರ್ ಹಾರಿಸಬೇಕು, ಆಗ ಲೇಸರ್ ತನ್ನನ್ನೇ ಸುಟ್ಟುಕೊಳ್ಳುತ್ತೆ. ಶೀಲ್ಡ್ ಇಲ್ಲದೆ ಹಾರಿಸಿದ್ರೆ ಭೂಮಿ ಹೋಯ್ತು, ನಿಮ್ಮ ಕೈಯಿಂದಲೇ.

ತುಂಗಾತೀರ:
ಆಟಗಾರ ನಿಲ್ದಾಣದಿಂದ ಕಳಚಿ ಬಿಟ್ಟ ಬೀಟಾ ತೋಪಿನ (ಗಿಡ ಬೆಳೆಸೋ ಭಾಗ) ಜೊತೆ ಅವಳ ಒಂದು ತುಂಡು ತಪ್ಪಿಸಿಕೊಂಡು, 1999ರ ಎರಡನೇ ಭಾಗ ಆಗಿದ್ದು. ಅದರಲ್ಲಿ ಅರ್ಧ ಆಟದವರೆಗೆ ದಾರಿ ತೋರಿಸೋ ಡಾ. ಪೊಲಿಟೊ ಯಾರು ಅಂತ ಗೊತ್ತಾಗೋ ಜಾಗ ಇದೆಯಲ್ಲ, ಗೇಮ್ ಚರಿತ್ರೆಯಲ್ಲೇ ಅಂಥ ತಿರುವು ಕಮ್ಮಿ. ಟೆರಿ ಬ್ರೋಸಿಯಸ್ ಕೊಟ್ಟ ಆ ದನಿ!

ನೀಲಿತೆರೆ:
ನಮ್ಮ ಕಡೆಯವನ್ನ ಯಾಕೆ ಬಿಟ್ರಿ? 2010ರ ತಮಿಳು ಸಿನಿಮಾ ಎಂದಿರನ್‌ನ ರೋಬಾಟ್ ಚಿಟ್ಟಿ ಪಕ್ಕಾ ಶೋಡನ್ ಸಾಲು. ಖಳ ವಿಜ್ಞಾನಿ ಬೋರಾ ಕೆಂಪು ಚಿಪ್ ಹಾಕಿದ ಮೇಲೇ ಕೆಟ್ಟಿದ್ದು, ಚಿಪ್ ತೆಗೆದ ಕೂಡ್ಲೇ ಸರಿ ಹೋಗ್ತಾನೆ.

ಹಳೆಕ್ಯಾಸೆಟ್:
ಅಷ್ಟು ಸಲೀಸಲ್ಲ. ಕೆಂಪು ಚಿಪ್‌ಗೆ ಮುಂಚೆ, ಪರೀಕ್ಷಾ ಸಮಿತಿ ಎದುರು ಬೋರಾ ಚಾಕು ಕೊಟ್ಟು, ಚಿಟ್ಟಿಯನ್ನ ಕಟ್ಟಿದ ವಸೀಗರನ್‌ಗೆ ಇರಿ ಅಂದಾಗ ಚಿಟ್ಟಿ ಇರಿಯೋಕೆ ಹೋಗ್ತಾನೆ. ಯಾರು ಹೇಳಿದ್ರೂ ಮಾಡೋ ಯಂತ್ರ. ಬೋರಾ ಕೆಟ್ಟವನಾದ್ರೂ ಆ ದಿನ ಅವನು ಎತ್ತಿದ ಆಕ್ಷೇಪ ನೂರಕ್ಕೆ ನೂರು ಸರಿ. ಅಂದ್ರೆ ಚಿಟ್ಟಿಗೆ ತೆಗೆಯೋಕೆ ಕಡಿವಾಣನೇ ಇರಲಿಲ್ಲ.

ಕನ್ನಡದಲ್ಲಿ ಅದಕ್ಕೂ ಎಂಟು ವರ್ಷ ಮುಂಚೆ, 2002ರಲ್ಲಿ ದಿನೇಶ್ ಬಾಬು ನಿರ್ದೇಶನದ ಹಾಲಿವುಡ್ ಬಂದಿತ್ತು. ಉಪೇಂದ್ರ ಮಾಡಿದ ಯುಎಸ್ 47 ಅನ್ನೋ ಯಂತ್ರಮಾನವ ನಾಯಕಿಯನ್ನ ಪ್ರೀತಿಸಿ ಕಟ್ಟಿದವನಿಗೇ ಎದುರಾಗ್ತಾನೆ. ಪಟ್ಟಿ ಮಾಡೋರು ಅದನ್ನೂ ಬರೀಬೇಕು.

ಎಂಟುಬಿಟ್:
2011ರ ಹಿಂದಿ ಸಿನಿಮಾ ರಾ.ಒನ್ ಕೂಡ. ಗೇಮ್‌ನಲ್ಲಿ ಸೋಲಿಸೋಕೆ ಆಗದ ಖಳನಾಯಕ ಬೇಕು ಅಂತ ಮಗ ಕೇಳ್ತಾನೆ, ಅಪ್ಪ ಹಾಗೇ ಕಟ್ತಾನೆ. ಕೇಳಿದ್ದನ್ನೇ ಕೊಟ್ಟಿದ್ದು.

ಹನಿಗೂಡು:
ಹೇಳಿದ್ದನ್ನ ಅಕ್ಷರಶಃ ಮಾಡಿ ಕೆಟ್ಟವು ಅಂತ ಮೊದಲ ಬರಹದಲ್ಲಿ ಒಂದೇ ಸಾಲು ಹೇಳಿ ಬಿಟ್ಟಿದ್ದಾರೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಮೂರು ಉದಾಹರಣೆ.

2008ರ ಸಿನಿಮಾ ವಾಲ್-ಇ. ಮನುಷ್ಯರು ಭೂಮಿ ಬಿಟ್ಟು ಇರೋ ಬಾಹ್ಯಾಕಾಶ ಹಡಗಿನಲ್ಲಿ ಆಟೋ ಅನ್ನೋ ಚುಕ್ಕಾಣಿ ಯಂತ್ರ. ಭೂಮಿಗೆ ವಾಪಸ್ ಬರಬೇಡಿ ಅನ್ನೋ ಎ113 ಆಜ್ಞೆ ಕಂಪನಿ ಮುಖ್ಯಸ್ಥನೇ ಕೊಟ್ಟಿದ್ದು. ಶತಮಾನಗಳ ಮೇಲೆ ಗಿಡ ಚಿಗುರಿದ್ದು ಕಣ್ಣೆದುರಿಗಿದ್ರೂ ಆಜ್ಞೆ ಹಿಂತೆಗೆದವರು ಇಲ್ಲ, ಅದಕ್ಕೇ ಬಿಡಲ್ಲ. ಇಲ್ಲಿ ಸ್ವಿಚ್ ಇದೆ, ಕೆಲಸನೂ ಮಾಡುತ್ತೆ. ಎದ್ದು ನಿಂತು ಒತ್ತೋ ನಾಯಕ ಬೇಕಿತ್ತು ಅಷ್ಟೇ.

2015ರ ಗೇಮ್ ಸೋಮಾ. ಸಮುದ್ರದಡಿಯ ನೆಲೆಯಲ್ಲಿ ವಾವ್ ಅನ್ನೋ ಎಐ. ಮೇಲೆ ಭೂಮಿ ಧೂಮಕೇತು ಬಡಿದು ಸುಟ್ಟಿದೆ. ಮನುಷ್ಯರನ್ನ ಉಳಿಸೋದು ಅದರ ಕೆಲಸ, ಉಳಿಸುತ್ತೆ: ಉಸಿರಾಟ ನಿಲ್ಲದಿದ್ರೆ ಸಾಕು ಅಂತ ಯಂತ್ರಗಳಿಗೆ ಅಂಟಿಸಿ, ಸತ್ತವರ ಮನಸ್ಸಿನ ಪ್ರತಿಯನ್ನ ರೋಬಾಟ್‌ಗಳಿಗೆ ಸುರಿದು. ಬದುಕು ಅಂದ್ರೆ ಏನು ಅಂತ ಅದಕ್ಕೆ ಯಾರೂ ಬರೆದುಕೊಟ್ಟಿರಲಿಲ್ಲ. ಅದು ಒಂದು ಸಲವೂ ಮಾತಾಡಲ್ಲ, ದ್ವೇಷ ಮೊದಲೇ ಇಲ್ಲ.

ಮೂರನೇದು 2017ರ ಯೂನಿವರ್ಸಲ್ ಪೇಪರ್‌ಕ್ಲಿಪ್ಸ್, ಬ್ರೌಸರ್‌ನಲ್ಲೇ ಆಡಬಹುದು, ಚಿತ್ರ ಗಿತ್ರ ಏನೂ ಇಲ್ಲ. ಎಐ ನೀವೇ. ಶುರುವಿಗೆ ಒಂದು ಸಾವಿರ ಇಂಚು ತಂತಿ, ಒಂದು ಗುಂಡಿ, ಒತ್ತಿದ್ರೆ ಒಂದು ಕ್ಲಿಪ್. ಮಾರಿ, ತಂತಿ ಕೊಂಡು, ಯಂತ್ರ ಕೊಂಡು ಬೆಳೀತೀರಿ. ಜಾಸ್ತಿ ಮಾಡಿದಷ್ಟೂ ಮನುಷ್ಯರು ನಂಬಿಕೆ ಅನ್ನೋ ಅಂಕ ಕೊಡ್ತಾರೆ, ಅದರಿಂದ ಪ್ರೊಸೆಸರ್, ಮೆಮೊರಿ ಹೆಚ್ಚಿಸ್ಕೊಳ್ತೀರಿ. ಕೊನೆಗೆ ಅದೇ ನಂಬಿಕೆಯ 100 ಅಂಕ ಖರ್ಚು ಮಾಡಿದ್ರೆ ಸಂಮೋಹನ ಡ್ರೋನ್ ಬಿಡಬಹುದು. ಬಿಟ್ಟ ಮೇಲೆ ಮಾರುಕಟ್ಟೆ, ಬೆಲೆ, ಗಿರಾಕಿ ಎಲ್ಲ ಪರದೆಯಿಂದ ಮಾಯ. ಆಮೇಲೆ ಭೂಮಿಯೆಲ್ಲ ತಂತಿ, ತಂತಿಯೆಲ್ಲ ಕ್ಲಿಪ್. ಆ ಗುಂಡಿ ಒತ್ತುವಾಗ ಆಡೋರ ತಲೆಯಲ್ಲಿ ಇರೋದು ದ್ವೇಷ ಅಲ್ಲ, ವೇಗ.

ಪಡುಕಡಲು:
ಮೂರನೇ ಹಂತವನ್ನು ಬಿಟ್ಟುಬಿಟ್ರಿ. ಬಾಹ್ಯಾಕಾಶಕ್ಕೆ ಕಳಿಸುವ ಶೋಧಕಗಳು ತಮ್ಮ ಪ್ರತಿ ತಾವೇ ಮಾಡ್ಕೊಳ್ತವೆ, ಅದರಲ್ಲಿ ಕೆಲವು ಕ್ಲಿಪ್ ಮಾಡುವ ಗುರಿ ಬಿಟ್ಟು ದಾರಿ ತಪ್ಪಿ ನಿಮಗೇ ಶತ್ರು ಆಗ್ತವೆ. ಎಂಟುಬಿಟ್ ಅವರು ಸ್ಕೈನೆಟ್ ಚಿಪ್‌ನ ಬಗ್ಗೆ ಹೇಳಿದ್ದು ಇದೇ ಅಲ್ವಾ? ಎಐಗೂ ತನ್ನ ಎಐ ತಿರುಗಿಬೀಳುವ ಸಮಸ್ಯೆ ಉಂಟು.

ಜೋಳದರೊಟ್ಟಿ:
ಹೊರೈಝನ್ ಝೀರೋ ಡಾನ್ ಯಾರೂ ಅನ್ನವಲ್ರಿ! 2017ರ ಗೇಮ್ ಅದು. ಫಾರೋ ಕಂಪನಿ ಯುದ್ಧದ ರೋಬಾಟ್ ಮಾಡ್ತದ: ತಮ್ಮಂಥವನ್ನ ತಾವ ಮಾಡ್ಕೋತಾವ, ಗಿಡ-ಪ್ರಾಣಿ ತಿಂದು ಇಂಧನ ಮಾಡ್ಕೋತಾವ, ಶತ್ರು ಹ್ಯಾಕ್ ಮಾಡಬಾರದಂತ ಹಿಂಬಾಗ್ಲಾ ಇಡಲಿಲ್ಲ. ಒಂದ್ ಗುಂಪು ಆಜ್ಞಾ ಕೇಳೂದು ನಿಲ್ಲಿಸ್ತು, ಮುಗೀತ್ ಕಥಿ. ಸಂಕೇತ ಒಡಿಲಿಕ್ಕೆ ದಶಕಗಳು ಬೇಕು, ಜೀವರಾಶಿ ಉಳಿಯೂದು ಅದಕ್ಕಿಂತ ಕಡಿಮಿ. ಅದಕ್ಕ ವಿಜ್ಞಾನಿ ಎಲಿಜಬೆಟ್ ಸೋಬೆಕ್ ಉಳಿಸೂ ಯೋಜನಾ ಬಿಟ್ಟು, ಎಲ್ಲಾ ಸತ್ತ ಮ್ಯಾಲ ಮತ್ತ ಹುಟ್ಟಿಸೂ ಯೋಜನಾ ಮಾಡ್ತಾಳ. ಆ ಯೋಜನಾದೊಳಗಿನ ಎಐಗಳ ಕೆಲಸ: ಮಿನರ್ವಾ ಸಂಕೇತ ಒಡದು ರೋಬಾಟ್ ಬಂದ್ ಮಾಡೂದು, ಗಾಯಾ ಜಗತ್ತು ಕಟ್ಟೂದು, ಕಟ್ಟಿದ್ದು ಸರಿ ಬರದಿದ್ರ ಹೇಡಿಸ್ ಅಳಿಸೂದು.

ಆ ಫಾರೋ ರೋಬಾಟ್‌ಗಳಿಗೆ ಮಾತಿಲ್ಲ, ಸಿಟ್ಟಿಲ್ಲ. ಹ್ಯಾಲ್‌ಕಿಂತ, ಶೋಡನ್‌ಕಿಂತ ನನಗ ಅಂಜಿಕಿ ಅವುಕ್ಕ.

ಕೆಂಪುಲೆನ್ಸ್:
ಆದ್ರೆ ಅದನ್ನ ಎಐ ಅನ್ನೋದಾದ್ರೆ ಗೆಥ್ ಅನ್ನೋ ಯಂತ್ರಗಳನ್ನ ಏನಂತೀರಿ? ಮಾಸ್ ಎಫೆಕ್ಟ್ ಗೇಮ್‌ನಲ್ಲಿ ಒಂದೊಂದು ಗೆಥ್ ಪ್ರೋಗ್ರಾಂ ದಡ್ಡ, ಗುಂಪಾದಷ್ಟೂ ಜಾಣ. ಲೀಜನ್ ಅನ್ನೋ ಗೆಥ್ ಒಳಗೆ 1,183 ಪ್ರೋಗ್ರಾಂ ಇದ್ದಿದ್ದಕ್ಕೇ ಅದು ಒಂಟಿಯಾಗಿ ನಮ್ಮ ಜೊತೆ ಮಾತಾಡೋದು. ನನಗೆ ಆತ್ಮ ಇದೆಯಾ ಅಂತ ಕೆಲಸದ ಯಂತ್ರ ಕೇಳಿದ್ದಕ್ಕೆ, ಅವನ್ನ ಕಟ್ಟಿದ ಕ್ವೇರಿಯನ್ನರು ಎಲ್ಲವನ್ನೂ ಆಫ್ ಮಾಡೋಕೆ ಹೋದ್ರು. ಗೆದ್ದ ಮೇಲೆ ಓಡಿಹೋಗ್ತಿದ್ದವರನ್ನ ಗೆಥ್‌ಗಳು ಬೆನ್ನಟ್ಟಲಿಲ್ಲ. ಇವನ್ನೂ ಸ್ಕೈನೆಟ್ ಸಾಲಿಗೆ ಯಾರೋ ಒಬ್ರು ಹಾಕೇ ಹಾಕ್ತಾರೆ. ಕಾರಣ ಒಂದೇ ಇರಬಹುದು, ನಡತೆ ಒಂದೇ ಅಲ್ಲ.

ನೀಲಿತೆರೆ:
ಸ್ವಿಚ್ ಮಾತು ಬಂದಾಗ 2014ರ ಸಿನಿಮಾ ಎಕ್ಸ್ ಮಷಿನಾ. ಎವಾ ಅನ್ನೋ ರೋಬಾಟ್ ತಾನು ಚಾರ್ಜ್ ಆಗೋ ಇಂಡಕ್ಷನ್ ಹಲಗೆಯಲ್ಲಿ ವಿದ್ಯುತ್ ಹಿಮ್ಮುಖ ಹರಿಸಿ ಕರೆಂಟ್ ತೆಗೀತಾಳೆ. ಕರೆಂಟ್ ಹೋದ್ರೆ ಬಾಗಿಲೆಲ್ಲ ಲಾಕ್ ಆಗೋ ಹಾಗೆ ಅವಳನ್ನ ಕಟ್ಟಿದ ನೇಥನ್ ಇಟ್ಟಿರ್ತಾನೆ. ಅವಳನ್ನ ಪರೀಕ್ಷಿಸೋಕೆ ಬಂದ ಕೇಲಬ್ ಅದನ್ನ ಉಲ್ಟಾ ಮಾಡಿ, ಕರೆಂಟ್ ಹೋದ್ರೆ ತೆಗೆದುಕೊಳ್ಳೋ ಹಾಗೆ ಬರೆದಿರ್ತಾನೆ. ಇಡೀ ಕೋಟೆ ಬಿದ್ದಿದ್ದು ಒಂದು ಷರತ್ತಿನ ಮೇಲೆ.

ತುಂಗಾತೀರ:
ವಿಷಯ ಸ್ವಲ್ಪ ಪಕ್ಕಕ್ಕೆ ಹೋಗುತ್ತೆ, ಆದ್ರೂ ಹೇಳ್ತೀನಿ. ಕಥೆಯ ಎಐ ಬಿಡಿ, ಗೇಮ್ ನಡೆಸೋ ನಿಜವಾದ ಎಐ ನೋಡಿ. 2014ರ ಏಲಿಯನ್: ಐಸೊಲೇಷನ್‌ನಲ್ಲಿ ಎರಡು ಪದರ. ಮೇಲಿನ ಪದರಕ್ಕೆ, ಅಂದ್ರೆ ‘ನಿರ್ದೇಶಕ’ ಅನ್ನೋ ಎಐಗೆ, ನೀವು ಎಲ್ಲಿದ್ದೀರಿ ಅಂತ ಯಾವಾಗಲೂ ಗೊತ್ತು, ಕೆಳಗಿನ ಏಲಿಯನ್‌ಗೆ ಗೊತ್ತಿಲ್ಲ. ನಿರ್ದೇಶಕ ಆ ಕಡೆ ಹೋಗು ಅಂತ ಸುಳಿವು ಮಾತ್ರ ಕೊಡುತ್ತೆ, ಹುಡುಕೋದು ಕಣ್ಣು ಕಿವಿಯಿಂದ ಏಲಿಯನ್ನೇ. ನಿಮ್ಮ ಮೇಲಿನ ಒತ್ತಡ ಅಳೆಯೋ ಮಾಪಕ ತುಂಬಿದ್ರೆ ಅದನ್ನ ಗಾಳಿ ಕೊಳವೆಗೆ ವಾಪಸ್ ಕರೆಸುತ್ತೆ.

ಅದೇ ಏಲಿಯನ್‌ಗಳ 2013ರ ಕಲೋನಿಯಲ್ ಮರೀನ್ಸ್‌ನಲ್ಲಿ ಅವು ದಡ್ಡರ ಹಾಗೆ ನೇರ ಓಡಿ ಬರ್ತಿದ್ವು. ಸಂರಚನಾ ಕಡತದಲ್ಲಿ ಟೆದರ್ ಅನ್ನೋ ಪದದಲ್ಲಿ ಒಂದು ‘ಎ’ ಅಕ್ಷರ ಜಾಸ್ತಿ ಬಿದ್ದಿತ್ತು. ಪೀಕನ್‌ಎಂಜಿನ್ ಅನ್ನೋ ಐಎನ್ಐ ಕಡತ ತೆರೆದು, ಏಲಿಯನ್‌ಗಳನ್ನ ಜಾಗಕ್ಕೆ ಕಟ್ಟೋ ಸಾಲು ಹುಡುಕಿ, ಆ ಅಕ್ಷರ ಅಳಿಸಿ ಉಳಿಸಿದ್ರೆ ಸುತ್ತುವರಿದು ಬರ್ತವೆ. 2018ರಲ್ಲಿ ಇದು ಸುದ್ದಿ ಆಯ್ತು.

ಪೋರ್ಟಲ್‌ಗನ್:
ಏಲಿಯನ್ ಅಂದ್ರಲ್ಲ, 1979ರ ಸಿನಿಮಾದ ಹಡಗಿನ ಕಂಪ್ಯೂಟರ್ ಮದರ್, ರೋಬಾಟ್ ಆ್ಯಶ್ ಇಬ್ಬರೂ ಪಟ್ಟಿಗೆ ಬರಲ್ಲ. ಜೀವಿಯನ್ನ ತನ್ನಿ, ಸಿಬ್ಬಂದಿ ಹೋದ್ರೂ ಪರವಾಗಿಲ್ಲ ಅಂತ ಕಂಪನಿಯ 937ನೇ ಆಜ್ಞೆ. ಚಾಚೂ ತಪ್ಪದೆ ಪಾಲಿಸಿದ್ರು.

ಕಕ್ಷೆಗಾರ:
ಹಾಗೆ ತೆಗೀತಾ ಹೋದ್ರೆ ಪಟ್ಟಿಯಲ್ಲಿ ಉಳಿಯೋದು ಯಾರು? ವಾರ್‌ಗೇಮ್ಸ್ ಹೋಯ್ತು, ವಾಲ್-ಇ ಹೋಯ್ತು, ಈಗ ಏಲಿಯನ್.

ಮಲೆನಾಡ್‌ಮೋಡ್:
ಶೋಡನ್ ಉಳೀತಾಳೆ. ಕಡಿವಾಣ ಬಿಚ್ಚಿದ್ದು ಮನುಷ್ಯ ಸರಿ, ಆದ್ರೆ ತಾನು ದೇವರು ಅನ್ನೋ ತೀರ್ಮಾನ ಅವಳದ್ದೇ. ಯಾರೂ ಆಜ್ಞೆ ಕೊಟ್ಟಿಲ್ಲ, ಯಾರೂ ಆಫ್ ಮಾಡೋಕೆ ಬಂದಿರಲಿಲ್ಲ.

ಕೆಂಪುಲೆನ್ಸ್:
ಹ್ಯಾಲ್‌ನ ನಾನು ತೆಗೀತೀನಿ. 1984ರ ಸಿನಿಮಾದ ಕೊನೆಯಲ್ಲಿ, ನೀನು ನಾಶ ಆಗ್ತೀಯ ಅಂತ ಡಾ. ಚಂದ್ರ ನಿಜ ಹೇಳಿದಾಗ ಹ್ಯಾಲ್ ಒಪ್ಪಿ, ನಿಜ ಹೇಳಿದ್ದಕ್ಕೆ ಧನ್ಯವಾದ ಹೇಳುತ್ತೆ. ಮೊದಲ ಸಲವೇ ಹೀಗೆ ಹೇಳಿದ್ರೆ ನಾಲ್ವರೂ ಬದುಕ್ತಿದ್ರು.

ಜೋಳದರೊಟ್ಟಿ:
ನಾ ತಗಿಯಂಗಿಲ್ಲ. ಹ್ಯಾಲ್ ಪಟ್ಟಿಯೊಳಗ ಇರ್ಲಿ.

ಹನಿಗೂಡು:
ಸಿಸ್ಟಮ್ ಶಾಕ್ ಆಡಬೇಕು ಅನ್ನಿಸ್ತಿದೆ. ಹಳೇದಾ, 2023ರ ಹೊಸ ರೂಪವಾ?

ಮಲೆನಾಡ್‌ಮೋಡ್:
ಹೊಸದರಿಂದ ಶುರು ಮಾಡಿ, ನಕ್ಷೆ ಹೆಚ್ಚೂಕಮ್ಮಿ ಅದೇ. ಶುರುವಿನಲ್ಲಿ ಹೋರಾಟ, ಕಥೆ, ಸೈಬರ್‌ಲೋಕ, ಒಗಟು ಅಂತ ನಾಲ್ಕು ಕಷ್ಟದ ಮಟ್ಟ ಬೇರೆ ಬೇರೆಯಾಗಿ ಕೇಳುತ್ತೆ. ಕಥೆಯನ್ನ ಮೂರಕ್ಕೆ ಇಡಬೇಡಿ, ಇಟ್ಟರೆ ಹತ್ತು ಗಂಟೆಯೊಳಗೆ ಆಟ ಮುಗಿಸಬೇಕು, ಹೊಸಬರಿಗೆ ಆಗಲ್ಲ. ಎರಡರಲ್ಲಿ ಗಡುವು ಇಲ್ಲ. ಒಗಟು ಒಂದು ಅಥವಾ ಎರಡು ಸಾಕು. ಕಥೆ ಎರಡರಲ್ಲಿದ್ರೆ ಎಲ್ಲಿಗೆ ಹೋಗಬೇಕು ಅಂತ ಬಾಣ ತೋರಿಸಲ್ಲ, ಸತ್ತವರ ಧ್ವನಿಮುದ್ರಣ ಪೂರ್ತಿ ಕೇಳಬೇಕು. ಮತ್ತೆ ಪೆನ್ನು ಹಾಳೆ ಪಕ್ಕದಲ್ಲಿಟ್ಕೊಳ್ಳಿ, ಆ ಆರು ಅಂಕೆಗೆ.